ತಿದ್ದೋಲೆ

ಶುಕ್ರವಾರ ಮಧ್ಯಾಹ್ನ ಹಿಮ ಶುರುವಾದಾಗ ಕೆನ್ಮೋರಿನ ಜನ ಹಾಲು, ಬ್ರೆಡ್ಡು, ಸಲಿಕೆ ಅಂತ ಅಂಗಡಿಗೆ ಓಡಿದರು. ಚಂದ್ರಮೌಳಿ ಲ್ಯಾಪ್‌ಟಾಪಿನ ಚಾರ್ಜರ್ ಹುಡುಕಿದ.

ಅವನ ವಿಮಾನ ಕಂಪನಿಯವರು ಹನ್ನೆರಡು ಗಂಟೆಗೇ ಎಲ್ಲರನ್ನೂ ಮನೆಗೆ ಕಳಿಸಿದ್ದರು. ಸೋಮವಾರವೂ ಬರುವುದು ಬೇಡ ಅಂತ ಮೇಲ್ ಬಂದಿತ್ತು. ಐವತ್ತೆಂಟರ ಗಂಡಸು ಶಾಲೆ ಬಿಟ್ಟ ಹುಡುಗನ ಹಾಗೆ ಕುಣಿಕುಣಿದು ಊಟದ ಮೇಜಿನ ಮೇಲೆ ಅಂಗಡಿ ಹರವಿಕೊಂಡ. ಪರದೇಶದ ಈ ಸುತ್ತಿನ ಊರುಗಳ ಕನ್ನಡಿಗರದೊಂದು ಫೇಸ್‌ಬುಕ್ ಗುಂಪಿತ್ತು, ನಾನೂರು ಚಿಲ್ಲರೆ ಜನ. ಅದರಲ್ಲಿ ಅವನು ದಿನಾ ‘ತಿದ್ದೋಲೆ’ ಅಂತ ಬರೆಯುತ್ತಿದ್ದ. ಯಾರು ಎಲ್ಲಿ ಒತ್ತು ತಪ್ಪಿದರು, ಯಾರು ಅಲ್ಪಪ್ರಾಣಕ್ಕೆ ಮಹಾಪ್ರಾಣ ಹಾಕಿದರು ಎಂದು ಹೆಸರು ಸಮೇತ ಅಂಕಿ ಹಾಕಿ ಬರೆಯುವುದು. ಕೊನೆಗೆ ‘ಕನ್ನಡಮ್ಮನ ಸೇವೆಯಲ್ಲಿ’ ಎಂದು ಸಹಿ. ಕೆಲಸವಿದ್ದ ದಿನ ಒಂದು ತಿದ್ದೋಲೆ. ರಜೆ ಬಂತೆಂದರೆ ನಾಲ್ಕು.

“ರೀ, ಫಾರ್ಮಸಿಯವರ ಮೆಸೇಜ್ ಮೂರು ಸಲ ಬಂತು,” ಅಂದಳು ಶಾಮಲಾ. “ನಿಮ್ಮ ಬಿಪಿ ಮಾತ್ರೆ ರೆಡಿ ಇದೆಯಂತೆ. ನಾನು ಶ್ರೀವಿದ್ಯಾನ ಸ್ಕೂಲಿಂದ ಕರ್ಕೊಂಡು ಬರ್ತೀನಿ. ನೀವು ಇನ್ನೊಂದು ಕಾರ್ ತಗೊಂಡು ಹೋಗಿ ಮಾತ್ರೆ ತಂದುಬಿಡಿ.”

“ಐದು ನಿಮಿಷ. ಈ ವೆಂಕಟೇಶ ನೋಡು, ‘ವಿಷೇಶ’ ಅಂತ ಬರೆದಿದಾನೆ! ಸಮಾಮಿಶ್‌ನಲ್ಲಿ ಮೂರು ಗ್ಯಾರೇಜಿನ ಮನೆ ಮಾಡಿದೋನಿಗೆ ಯಾವ ಶ ಎಲ್ಲಿ ಬರತ್ತೆ ಅಂತ ಗೊತ್ತಿಲ್ಲ. ಇದನ್ನ ಮುಗಿಸಿ ಹೋಗ್ತೀನಿ.”

ಅವಳು ಮಗಳನ್ನು ಕರೆದುಕೊಂಡು ವಾಪಸು ಬರುವಷ್ಟರಲ್ಲಿ ಮನೆಯ ಮುಂದಿನ ಏರು ಬೆಳ್ಳಗಾಗಿತ್ತು. ಹತ್ತುವಾಗ ಕಾರು ಎರಡು ಸಲ ಹಿಂದಕ್ಕೆ ಜಾರಿತು. ಒಳಗೆ ಬಂದರೆ ಚಂದ್ರಮೌಳಿ ಕೂತಲ್ಲೇ ಕೂತಿದ್ದ. ವೆಂಕಟೇಶ ತಿರುಗಿ ಜಗಳಕ್ಕೆ ಬಂದಿದ್ದನಂತೆ. ಮಾತ್ರೆಯ ಸುದ್ದಿಯನ್ನು ಅವಳೂ ಎತ್ತಲಿಲ್ಲ. ಡಬ್ಬಿಯಲ್ಲಿ ಇನ್ನೂ ಒಂದು ವಾರಕ್ಕಾಗುವಷ್ಟು ಇರಬಹುದು ಅಂದುಕೊಂಡಳು. ಅದರಲ್ಲಿ ಒಂದೂ ಇಲ್ಲವೆಂಬುದು ಅವನಿಗೆ ಮಾತ್ರ ಗೊತ್ತಿತ್ತು.

ಶನಿವಾರ ಬೆಳಿಗ್ಗೆ ಮೊಣಕಾಲುದ್ದ ಹಿಮ. ಪಕ್ಕದ ಮನೆಯ ಮುದುಕನಿಂದ ಸಲಿಕೆ ಕಡ ತಂದು ಶಾಮಲಾ, ಶ್ರೀವಿದ್ಯಾ ಇಬ್ಬರೂ ಎರಡು ತಾಸು ಗ್ಯಾರೇಜಿನ ಮುಂದಿನ ದಾರಿ ಬಿಡಿಸಿದರು. ಸೊಂಟ ಹಿಡಿದುಕೊಂಡು ಒಳಗೆ ಬಂದು ಶಾಮಲಾ ಕಾಫಿಗೆ ನೀರಿಟ್ಟಳು. ಅಷ್ಟರಲ್ಲಿ ಮಗಳು ಫೋನ್ ಹಿಡಿದುಕೊಂಡು ಬಂದಳು. ಕಿಟಕಿಯಿಂದ ತೆಗೆದ ಫೋಟೋ: ಚೊಕ್ಕಟವಾದ ದಾರಿ, ಎರಡೂ ಕಡೆ ಹಿಮದ ರಾಶಿ. ಅವರಿಬ್ಬರೂ ಅದರಲ್ಲಿಲ್ಲ. ಕೆಳಗೆ ಚಂದ್ರಮೌಳಿಯ ಅಚ್ಚುಕಟ್ಟಾದ ಕನ್ನಡದಲ್ಲಿ ‘ಬೆಳಗಿನಿಂದ ಸುರಿಸಿದ ಬೆವರಿನ ಫಲ’ ಎಂದಿತ್ತು. ಆಗಲೇ ಅರವತ್ತು ಲೈಕು.

“ಅಪ್ಪಾ, ಯು ಡಿಡ್ ನಾಟ್ ಈವನ್ ಕಮ್ ಔಟ್‌ಸೈಡ್!” ಅಂದಳು ಶ್ರೀವಿದ್ಯಾ.

“ಓಕೆ, ಓಕೆ. ಗೋ ಫಿನಿಶ್ ಯುವರ್ ಹೋಮ್‌ವರ್ಕ್.”

ಶಾಮಲಾ ಗಂಡನನ್ನು ನೋಡಿದಳು. ಹದಿನಾರು ವರ್ಷದ ಸ್ವಂತ ಮಗಳಿಗೆ ಅ ಆ ಇ ಈ ಕಲಿಸದ ಮನುಷ್ಯ ನಾನೂರು ಜನರ ಕಾಗುಣಿತ ತಿದ್ದುತ್ತಾನೆ. ಅವಳು ಕಾಫಿ ಸೋಸಿದಳು. ಈ ಬಗೆಯ ತಾತ್ಸಾರ ಅವಳಿಗೆ ಹಳೆಯದು. ಮೊಸರಿಗೆ ಹೆಪ್ಪು ಹಾಕಿದ ಹಾಗೆ ದಿನದಿನವೂ ಉಳಿಸಿ ಮಾರನೆಯ ದಿನಕ್ಕೆ ಹಾಕುತ್ತ ಬಂದದ್ದು.

ಅದರ ಮೊದಲ ಹನಿ ಬಿದ್ದದ್ದು ಮದುವೆಯಾಗಿ ಬಂದ ತಿಂಗಳೇ. ಶಾಮಲಾ ರೋಣದವಳು. ಅವಳ ಅಪ್ಪ ಅಲ್ಲಿಯ ಶಾಲೆಯಲ್ಲಿ ಕನ್ನಡ ಮಾಸ್ತರರು. ಚಂದ್ರಮೌಳಿ ಮೈಸೂರಿನವನು. ಆಗ ಇಲ್ಲಿ ಕನ್ನಡದವರೆಂದರೆ ಯೂನಿವರ್ಸಿಟಿಯಲ್ಲಿ ಓದುವ ಹುಡುಗರು, ವಿಮಾನ ಕಂಪನಿಯ ನಾಲ್ಕಾರು ಎಂಜಿನಿಯರುಗಳು, ಅಷ್ಟೆ. ಹೊಸ ಹೆಂಡತಿಯನ್ನು ನೋಡಲು ಏಳೆಂಟು ಜನ ಮನೆಗೆ ಬಂದಿದ್ದರು. ಅಡಿಗೆಮನೆಯಿಂದ ಅವಳು, “ಕೂಡ್ರಿ, ಚಾ ತರಾಕತ್ತೀನಿ,” ಅಂದಳು. ಚಂದ್ರಮೌಳಿ ನಕ್ಕು, “ಒಂದು ನಿಮಿಷ, ಕನ್ನಡಕ್ಕೆ ಅನುವಾದ ಮಾಡ್ತೀನಿ. ತರುತ್ತಿದ್ದೇನೆ ಅಂತ ಅರ್ಥ,” ಅಂದ. ಬಂದವರೆಲ್ಲ ಹೋ ಎಂದು ನಕ್ಕರು. ಅವಳೂ ನಕ್ಕಳು. ಆಗ ಅವಳಿಗೆ ಇಪ್ಪತ್ಮೂರು.

ಆರು ತಿಂಗಳಲ್ಲಿ ಅವಳ ನಾಲಗೆ ಮೈಸೂರಾಯಿತು. ರೋಣದ ಮಾತು ಅಕ್ಕನೊಂದಿಗೆ ಫೋನಿನಲ್ಲಿ, ಅದೂ ಬಾಗಿಲು ಹಾಕಿಕೊಂಡು. ಅವಳ ಅಪ್ಪ ಜೀವಮಾನವಿಡೀ ‘ಬರತೈತಿ, ಹೋಗತೈತಿ’ ಎಂದೇ ಮಾತಾಡಿದವರು, ಬರವಣಿಗೆಯಲ್ಲಿ ಒಂದು ಸೊನ್ನೆ ತಪ್ಪಿದರೂ ಬೆತ್ತ ತೆಗೆಯುತ್ತಿದ್ದವರು. “ಬರಿಯೂದಕ್ಕ ಕೆಂಪ ಶಾಯಿ ಐತಿ, ಆಡೂದಕ್ಕ ಇಲ್ಲ,” ಅನ್ನುತ್ತಿದ್ದರು. ಆ ಎರಡರ ವ್ಯತ್ಯಾಸ ಚಂದ್ರಮೌಳಿಯ ತಲೆಗೆ ಈ ಇಪ್ಪತ್ತೈದು ವರ್ಷದಲ್ಲಿ ಹೊಳೆದಿರಲಿಲ್ಲ.

ಭಾನುವಾರ ಮತ್ತೆ ಹಿಮ. ಹನ್ನೊಂದು ಗಂಟೆಗೆ ಚಂದ್ರಮೌಳಿ ಒಂದು ಕೇಕೆ ಹಾಕಿದ. “ಶಾಮಲಾ, ಬಾ ಇಲ್ಲಿ! ಇವತ್ತಿನ ಬೇಟೆ ನೋಡು!”

ಗುಂಪಿಗೆ ಹೊಸಬನೊಬ್ಬ ಬರೆದಿದ್ದ:

‘ಎಲ್ಲರಿಗು ನಮಸ್ಕಾರ. ನಾನು ವೀರಣ್ಣ. ಕರ್ಕ್‌ಲ್ಯಾಂಡ್ ದಾಗ ಇರ್ತಿನಿ. ನನ್ನ ಗಾಡಿ ಗಾಲಿಗೆ ಹಿಮದಾಗ ಜಾರಲಾರದಂಗ ಚೈನ್ ಅದಾವು. ಯಾರಿಗರ ಹಾಲು ಔಶದ ಏನರ ಅವಶ್ಶಕತೆ ಇದ್ದರ ಸಂಕೊಚ ಮಾಡಬ್ಯಾಡ್ರಿ. ತಂದ ಕೊಡತಿನಿ. ಹಿಮ ಕರಗುಮಟ ನಾನು ಫ್ರಿ ಅದಿನಿ.’

ಅದರ ಕೆಳಗೆ ಚಂದ್ರಮೌಳಿಯ ತಿದ್ದೋಲೆ ಆಗಲೇ ಬಿದ್ದಿತ್ತು. ‘ಮಿತ್ರರೇ, ನಿಮ್ಮ ಗಾಡಿಗೆ ಚೈನ್ ಇರಬಹುದು. ನಿಮ್ಮ ಕನ್ನಡ ಮಾತ್ರ ಜಾರಿ ಹಳ್ಳಕ್ಕೆ ಬಿದ್ದಿದೆ. ೧. ಔಶದ ಅಲ್ಲ, ಔಷಧ. ೨. ಅವಶ್ಶಕತೆ ಅಲ್ಲ, ಅವಶ್ಯಕತೆ. ೩. ಸಂಕೊಚ ಅಲ್ಲ, ಸಂಕೋಚ. ೪. ಅದಾವು ಅಲ್ಲ, ಇವೆ. ೫. ಬ್ಯಾಡ್ರಿ ಅಲ್ಲ, ಬೇಡಿ…’ ಹೀಗೆ ಹನ್ನೊಂದರವರೆಗೆ. ವೆಂಕಟೇಶನೂ ಸೇರಿ ನಲವತ್ತು ಜನ ನಗುವ ಮುಖ ಒತ್ತಿದ್ದರು. ಮೊನ್ನೆ ತನ್ನ ಮೇಲೆ ಬಿದ್ದ ಕಲ್ಲು ಈಗ ಇನ್ನೊಬ್ಬನ ಮೇಲೆ ಬಿತ್ತಲ್ಲ, ಅವನಿಗೆ ಅದೇ ಸಮಾಧಾನ.

ಎರಡನೆಯ ತಿದ್ದುಪಡಿಯ ಮೇಲೆ ಶಾಮಲಾಳ ಕಣ್ಣು ನಿಂತಿತು. ಕಟ್ಟುನಿಟ್ಟಾಗಿ ಹೇಳುವುದಾದರೆ ‘ಆವಶ್ಯಕತೆ’. ಅಪ್ಪ ಈ ಒಂದು ದೀರ್ಘಕ್ಕಾಗಿ ತರಗತಿಗೆ ತರಗತಿಯನ್ನೇ ಬೆಂಚಿನ ಮೇಲೆ ನಿಲ್ಲಿಸಿದ್ದರು. ತಿದ್ದುವವನೇ ತಪ್ಪಿದ್ದ. ಆದರೆ ಅವಳನ್ನು ಚುಚ್ಚಿದ್ದು ನಾಲ್ಕು, ಐದು. ಅದಾವು, ಬ್ಯಾಡ್ರಿ. ಅವ್ವನ ಬಾಯಿಂದ ದಿನಕ್ಕೆ ನೂರು ಸಲ ಬರುತ್ತಿದ್ದ ಮಾತಿಗೆ ಇವನು ಅಂಕಿ ಹಾಕಿದ್ದ.

“ಆ ಹುಡುಗ ಸಹಾಯ ಮಾಡ್ತೀನಿ ಅಂತ ಬರೆದಿದಾನೆ, ರೀ.”

“ಮಾಡ್ಲಿ, ಯಾರು ಬೇಡ ಅಂದ್ರು? ಶುದ್ಧವಾಗಿ ಬರೆದು ಮಾಡ್ಲಿ.”

ಅಷ್ಟರಲ್ಲಿ ವೀರಣ್ಣನ ಉತ್ತರ ಬಂತು. ‘ತಿಳಿಸಿದ್ದಕ್ಕ ಉಪಕಾರ ಸರ್. ತಿದ್ದಿಕೊಳತಿನಿ. ನಿಮಗೆ ಏನರ ತರೂದು ಐತೇನ್ರಿ?’

“ತರೂದು ಐತೇನ್ರಿ! ಕೇಳಿದ್ಯಾ? ಎಮ್ಮೆ ಮೇಲೆ ಮಳೆ ಹುಯ್ದ ಹಾಗೆ,” ಎಂದು ಚಂದ್ರಮೌಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ನಗುವಾಗ ಒಂದು ಕ್ಷಣ ಮೇಜಿನ ಅಂಚು ಹಿಡಿದುಕೊಂಡ. ಶಾಮಲಾ ಅದನ್ನು ಗಮನಿಸಲಿಲ್ಲ. ಆಗಲೇ ಬೆನ್ನು ತಿರುಗಿಸಿದ್ದಳು.

ಸೋಮವಾರ ಬೆಳಿಗ್ಗೆ ಮೆಟ್ಟಿಲ ಮೇಲೆ ಧಡ್ಡೆಂದಿತು. ಓಡಿ ಹೋಗಿ ನೋಡಿದರೆ ಚಂದ್ರಮೌಳಿ ಮೂರನೆಯ ಮೆಟ್ಟಿಲ ಮೇಲೆ ಕುಸಿದು ಕೂತಿದ್ದ. ಮುಖ ಕೆಂಪಡರಿತ್ತು. “ಏನಿಲ್ಲ, ಸ್ವಲ್ಪ ತಲೆ ಸುತ್ತಿತು,” ಅಂದ. ಅವಳು ಬಿಪಿ ಮಿಷನ್ ತಂದು ತೋಳಿಗೆ ಸುತ್ತಿದಳು. ನೂರ ತೊಂಬತ್ತೆರಡು, ನೂರ ಹತ್ತು.

“ಮಾತ್ರೆ ತಗೊಂಡಿಲ್ವಾ?”

“ಶುಕ್ರವಾರ ಬೆಳಿಗ್ಗೆದೇ ಕೊನೇದು.”

“ಮೂರು ದಿನದಿಂದ ಬಾಯಿ ಬಿಟ್ಟು ಒಂದು ಮಾತು ಹೇಳಲಿಲ್ಲ?”

“ನೀನು ಸುಮ್ನೆ ಗಾಬರಿ ಆಗ್ತೀಯ ಅಂತ.”

ಅವಳಿಗೆ ಗೊತ್ತಿತ್ತು, ಅದು ಸುಳ್ಳು. ಶುಕ್ರವಾರದ ಆ ಐದು ನಿಮಿಷವನ್ನು ಒಪ್ಪಿಕೊಳ್ಳಬೇಕಾಗುತ್ತದೆ ಅಂತ ಮುಚ್ಚಿಟ್ಟಿದ್ದ. ಆಸ್ಪತ್ರೆಯ ನರ್ಸ್ ಸಹಾಯವಾಣಿಗೆ ಫೋನ್ ಮಾಡಿದಳು. ಇವತ್ತೇ ಮಾತ್ರೆ ಶುರುಮಾಡಬೇಕು, ಎದೆನೋವು ಬಂದರೆ, ಮಾತು ತೊದಲಿದರೆ ತಕ್ಷಣ ಆಂಬುಲೆನ್ಸ್ ಕರೆಯಬೇಕು ಅಂದರು. ಫಾರ್ಮಸಿಗೂ ಫೋನ್ ಮಾಡಿದಳು. ಮೂರು ಗಂಟೆಗೆ ಮುಚ್ಚುತ್ತೇವೆ, ಹೆಸರು, ಹುಟ್ಟಿದ ತಾರೀಖು ಹೇಳಿದರೆ ಯಾರ ಕೈಯಲ್ಲಾದರೂ ಕೊಡುತ್ತೇವೆ ಅಂದರು.

ಚೈನ್ ಇಲ್ಲದ ಅವರ ಕಾರು ಏರು ಇಳಿಯುವಂತಿರಲಿಲ್ಲ. ಚಂದ್ರಮೌಳಿ ವೆಂಕಟೇಶನಿಗೆ ಫೋನ್ ಮಾಡಿದ. ನಮ್ಮ ಗುಡ್ಡ ಇಳಿಯೋಕೇ ಆಗ್ತಿಲ್ಲ ಸರ್, ಅಂದ ವೆಂಕಟೇಶ. ಇನ್ನೊಬ್ಬನ ಕಾರು ಹಿಮದಲ್ಲಿ ಹೂತಿತ್ತು. ಮತ್ತೊಬ್ಬ ಫೋನೇ ಎತ್ತಲಿಲ್ಲ. ತಿದ್ದೋಲೆಗೆ ದಿನಾ ಹೂವು, ಚಪ್ಪಾಳೆ ಒತ್ತುವವರಲ್ಲಿ ಎಂಟು ಜನರನ್ನು ಕೇಳಿಯಾಯಿತು. ಎಲ್ಲರೂ ಬಹಳ ಶುದ್ಧವಾಗಿ ಕ್ಷಮೆ ಕೇಳಿದರು.

“ವೀರಣ್ಣನ್ನ ಕೇಳ್ತೀನಿ,” ಅಂದಳು ಶಾಮಲಾ.

“ಬೇಡ!” ಆ ಸ್ಥಿತಿಯಲ್ಲೂ ಅವನ ದನಿ ಎತ್ತರಕ್ಕೆ ಹೋಯಿತು. “ಬೇರೆ ಯಾರನ್ನಾದ್ರೂ ಕೇಳು. ನಾನು ಹೇಗೆ ಅವನ ಮುಖ ನೋಡಲಿ?”

“ನೀವು ನೋಡ್ಬೇಡಿ. ಮಲಗಿರಿ.”

ಅವಳು ಫೋನ್ ತೆಗೆದುಕೊಂಡು ಕಿಟಕಿಯ ಹತ್ತಿರ ಹೋದಳು. ಮೊದಲು ‘ನಮಸ್ಕಾರ, ದಯವಿಟ್ಟು’ ಎಂದು ಬರೆದು ಅಳಿಸಿದಳು. ಆಮೇಲೆ ಬೆರಳು ತಾನಾಗಿ ಓಡಿತು. ‘ತಮ್ಮಾ, ನಮ್ಮ ಮನಿಯವರ ಬಿಪಿ ಗುಳಗಿ ತೀರ್ಯಾವು. ಭಾಳ ತ್ರಾಸ ಆಗೇತಿ. ತಂದ ಕೊಡಾಕ ಆಗತೈತೇನು?’ ಕಳಿಸಿ, ತಾನು ಬರೆದದ್ದನ್ನು ಮತ್ತೊಮ್ಮೆ ಓದಿದಳು.

ಅರ್ಧ ನಿಮಿಷದಲ್ಲಿ ಉತ್ತರ: ‘ಹೊಂಟೆ ಅಕ್ಕಾರ. ಹೆಸರು, ಹುಟ್ಟಿದ ತಾರಿಕು, ಅಡ್ರೆಸ್ ಕಳಸ್ರಿ.’

ಕರ್ಕ್‌ಲ್ಯಾಂಡಿನಿಂದ ಬೇರೆ ದಿನ ಹದಿನೈದು ನಿಮಿಷದ ದಾರಿ. ಅವತ್ತು ಎರಡು ತಾಸು ಹಿಡಿಯಿತು. ದಾರಿಯಲ್ಲಿ ಮರ ಬಿದ್ದು ಪೋಲೀಸರು ಸುತ್ತುಹಾದಿಗೆ ತಿರುಗಿಸಿದ್ದರಂತೆ. ಎರಡೂವರೆಯ ಹೊತ್ತಿಗೆ ಕೆಳಗಿನಿಂದ ಚೈನಿನ ಕಟಕಟ ಕೇಳಿಸಿತು. ಏರಿನ ಬುಡದಲ್ಲಿ ಗಾಡಿ ನಿಲ್ಲಿಸಿ, ಮೂವತ್ತರ ಆಸುಪಾಸಿನ ಒಬ್ಬ ಗಟ್ಟಿಮುಟ್ಟಾದ ಮನುಷ್ಯ ಎದೆಗೆ ಚೀಲ ಅವಚಿಕೊಂಡು ಹಿಮ ತುಳಿಯುತ್ತ ಹತ್ತಿ ಬಂದ. ಮೀಸೆಯ ಮೇಲೆಲ್ಲ ಹಿಮ.

“ಒಳಗ ಬಾ ತಮ್ಮಾ, ಥಂಡಿಯಾಗ ನಿಂದರಬ್ಯಾಡ,” ಅಂದಳು ಶಾಮಲಾ, ಬಾಗಿಲು ಪೂರ್ತಿ ತೆಗೆದು.

“ಬೂಟ ಭಾಳ ಹೊಲಸಾಗ್ಯಾವ್ರಿ ಅಕ್ಕಾರ.”

“ಆಗಲಿ ಬಿಡು. ನೆಲಾ ಒರಸಿದ್ರ ಹೋಗತೈತಿ. ಬಾ, ಬಾ.”

ಮೆಟ್ಟಿಲ ಮೇಲೆ ನಿಂತಿದ್ದ ಶ್ರೀವಿದ್ಯಾ ಬಾಯಿ ತೆರೆದು ತಾಯಿಯನ್ನೇ ನೋಡುತ್ತಿದ್ದಳು. “ಅಮ್ಮಾ, ವಾಟ್ ಲ್ಯಾಂಗ್ವೇಜ್ ಈಸ್ ದ್ಯಾಟ್?”

“ಕನ್ನಡ. ನಂದು,” ಅಂದಳು ಶಾಮಲಾ. “ಅಪ್ಪನಿಗೆ ನೀರು ತಗೊಂಡು ಬಾ.”

ಚೀಲದಲ್ಲಿ ಮಾತ್ರೆ ಮಾತ್ರವಲ್ಲ, ಒಂದು ಕ್ಯಾನು ಹಾಲು, ಬಾಳೆಹಣ್ಣೂ ಇದ್ದವು. ಕೇಳದಿದ್ದರೂ ತಂದಿದ್ದ. ಚಂದ್ರಮೌಳಿ ಸೋಫಾದ ಮೇಲೆ ಶಾಲು ಹೊದ್ದು ಕೂತಿದ್ದ. ಮಾತ್ರೆ ನುಂಗಿ, ಗಂಟಲು ಸರಿಮಾಡಿಕೊಂಡು, “ಥ್ಯಾಂಕ್ಸ್ ಕಣಪ್ಪ. ತೊಂದರೆ ತಗೊಂಡೆ,” ಅಂದ.

“ತ್ರಾಸೇನಿಲ್ರಿ ಸರ್. ನೀವು ಬರದದ್ದು ಓದಿದ್ನಿ. ಭಾಳ ತಪ್ಪ ಬರದೇನಿ ನಾ. ನಮ್ದು ಜತ್ತ ತಾಲೂಕ್ರಿ, ಮಹಾರಾಷ್ಟ್ರದಾಗ ಬರತೈತಿ. ಮನಿಯಾಗ ಕನ್ನಡ, ಸಾಲಿ ಎಲ್ಲಾ ಮರಾಠಿ. ಕನ್ನಡ ಅಕ್ಷರ ಕಲ್ತಿದ್ದು ಇಲ್ಲಿಗೆ ಬಂದ ಮ್ಯಾಲ್ರಿ, ಹೋದ ವರ್ಷ. ನಮ್ಮವ್ವಗ ಓದಾಕ ಬರತೈತಿ. ಅಕಿಗೆ ಒಂದ ಪತ್ರ ಬರೀಬೇಕಂತ ಆಸೆ ಇತ್ತು.”

ಶಾಮಲಾ ಚಾ ಸೋಸುತ್ತಿದ್ದವಳು ಹಾಗೇ ನಿಂತಳು. ಈಗಲಾದರೂ ಈ ಮನುಷ್ಯನ ತಲೆ ತಗ್ಗಬಹುದು ಎಂದು ಗಂಡನನ್ನು ನೋಡಿದಳು. ತಗ್ಗಲಿಲ್ಲ. ಅವನ ಮುಖ ನಿಧಾನವಾಗಿ ಅರಳಿತು, ಗಣಿತದಲ್ಲಿ ಫೇಲಾದ ಹುಡುಗನಿಗೆ ಕೃಪಾಂಕ ಕೊಡುವ ಹೆಡ್‌ಮಾಸ್ತರರ ಹಾಗೆ.

“ಓಹೋ, ಮರಾಠಿ ಮೀಡಿಯಮ್ಮಾ? ಮೊದಲೇ ಹೇಳಬಾರದಿತ್ತೇನಪ್ಪ? ಹಾಗಾದ್ರೆ ಕ್ಷಮ್ಯ. ಪರವಾಗಿಲ್ಲ, ಪರವಾಗಿಲ್ಲ.”

ವೀರಣ್ಣ “ಹೌದ್ರಿ,” ಅಂದ. ಚಾ ಕುಡಿದ. ಬೆಳಕಿರುವಾಗಲೇ ವಾಪಸಾಗಬೇಕು, ಬಾತೆಲ್ ಕಡೆ ಒಬ್ಬ ಬಾಣಂತಿಗೆ ಡಯಾಪರ್ ಕೊಡುವುದಿದೆ ಎಂದು ಎದ್ದ. ಬರುವ ಭಾನುವಾರ ರೊಟ್ಟಿ ಊಟಕ್ಕೆ ಬರಬೇಕೆಂದು ಶಾಮಲಾ ಅವನಿಂದ ಮಾತು ತೆಗೆದುಕೊಂಡಳು.

ಸಂಜೆ ಐದಕ್ಕೆ ಬಿಪಿ ನೂರ ಅರವತ್ತಕ್ಕೆ ಇಳಿಯಿತು. ಐದೂಕಾಲಿಗೆ ಲ್ಯಾಪ್‌ಟಾಪ್ ತೆರೆಯಿತು. ಊಟಕ್ಕೆ ಮುಂಚೆ ವಿಶೇಷ ತಿದ್ದೋಲೆ ಬಂತು. ಶಾಮಲಾ ಅದನ್ನು ಅಡಿಗೆಮನೆಯಲ್ಲಿ ನಿಂತೇ ಓದಿದಳು. ‘ಇಂದು ನಮ್ಮ ಮನೆಗೆ ವೀರಣ್ಣನೆಂಬ ತರುಣನ ಆಗಮನವಾಯಿತು. ಈತನ ಲೇಖನದೋಷಗಳಿಗೆ ಮರಾಠಿ ಶಿಕ್ಷಣವೇ ಕಾರಣವೆಂದು ತಿಳಿದುಬಂತು. ಇಂತಹವರನ್ನು ನಾವು ಉದಾರವಾಗಿ ಕ್ಷಮಿಸಬೇಕು. ಇವರಿಗೆ ವ್ಯಾಕರಣದ ಅವಶ್ಯಕತೆಯನ್ನು ಮನಗಾಣಿಸುವುದು ನಮ್ಮಂಥವರ ಹೊಣೆ.’ ಮಾತ್ರೆಯ ಸುದ್ದಿಯಿಲ್ಲ. ಹಾಲಿಲ್ಲ, ಬಿದ್ದ ಮರವಿಲ್ಲ, ಎರಡು ತಾಸಿಲ್ಲ. ಕೆಳಗೆ ಜನ ‘ಎಂಥ ಹೃದಯವೈಶಾಲ್ಯ ಸರ್ ನಿಮ್ಮದು’ ಎಂದು ಕೈ ಮುಗಿದಿದ್ದರು. ವೆಂಕಟೇಶನೂ ಮುಗಿದಿದ್ದ.

ಆ ಗುಂಪಿನಲ್ಲಿ ಅವಳೂ ಆರು ವರ್ಷದಿಂದ ಇದ್ದಳು. ಒಂದಕ್ಷರ ಬರೆದವಳಲ್ಲ. ಒಲೆ ಸಣ್ಣ ಮಾಡಿ, ಕೈ ಒರೆಸಿಕೊಂಡು ಬರೆದಳು:

‘ವೀರಣ್ಣ ನಮ್ಮ ಮನಿಗೆ ಸುಮ್ಮನ ಬಂದಿಲ್ರಿ. ಇವರ ಬಿಪಿ ಗುಳಗಿ ತೀರಿದ್ದುವು. ನಿಮ್ಮೊಳಗ ಎಂಟ ಮಂದಿನ್ನ ಕೇಳಿದ್ವಿ, ಯಾರಿಗೂ ಆಗಲಿಲ್ಲ. ಅಂವ ಹಿಮದಾಗ ಎರಡ ತಾಸು ಗಾಡಿ ಹೊಡಕೊಂಡ ಬಂದು ಕೊಟ್ಟ. ಅದನ್ನ ಬರಿಯೂದು ಇವರು ಮರತಾರ. ಶನಿವಾರ ಹಿಮ ತಗದಾಕಿ ನಾನು, ನನ್ನ ಮಗಳು. ಮತ್ತ ಅದು ಅವಶ್ಯಕತೆ ಅಲ್ರಿ, ಆವಶ್ಯಕತೆ. — ಶಾಮಲಾ, ರೋಣ.’

ಎರಡು ನಿಮಿಷದಲ್ಲಿ ಕುರ್ಚಿ ಸರಿದ ಸದ್ದು. ಅವನು ಅಡಿಗೆಮನೆಯ ಬಾಗಿಲಲ್ಲಿ ನಿಂತ. ಕಿವಿ ಕೆಂಪಾಗಿತ್ತು.

“ಇದೇನಿದು? ಡಿಲೀಟ್ ಮಾಡು. ಈಗಲೇ.”

“ಯಾಕ? ಏನ ತಪ್ಪೈತಿ ಅದರಾಗ?”

“ನಾನೂರು ಜನ ಓದ್ತಾರೆ, ಶಾಮಲಾ!”

“ಓದಲಿ. ತಪ್ಪಿದ್ರ ತೋರಸ್ರಿ, ತಿದ್ದತೀನಿ. ಒಂದ, ಎರಡ ಅಂತ ಅಂಕಿ ಹಾಕಿ ಹೇಳ್ರಿ.”

ಚಂದ್ರಮೌಳಿ ಫೋನಿನ ಪರದೆಯನ್ನು ಮೇಲಿನಿಂದ ಕೆಳಗೆ ಎರಡು ಸಲ ಓದಿದ. ತುಟಿ ಅಲುಗಿತು. ದಪ್ಪ ನಿಘಂಟು ಶೆಲ್ಫಿನಲ್ಲೇ ಇತ್ತು. ಹೋಗಿ ತೆರೆದ, ‘ಆ’ ಪುಟಗಳಲ್ಲಿ ಬೆರಳಾಡಿಸಿದ, ಮುಚ್ಚಿದ. “ಅವಶ್ಯಕತೆಯೂ ರೂಢಿಯಲ್ಲಿದೆ,” ಅಂದ.

“ಬ್ಯಾಡ್ರಿನೂ ರೂಢಿಯೊಳಗೈತಿ.”

ಅವನು ವಾಪಸು ಮೇಜಿಗೆ ಹೋಗಿ ತನ್ನ ಇಡೀ ಬರಹವನ್ನೇ ಅಳಿಸಿಹಾಕಿದ. ಅದರ ಬೆನ್ನಿಗಿದ್ದ ಅವಳ ಮಾತೂ ಹೋಯಿತು. ವಾದಿಸಲಾಗದಿದ್ದಾಗ ಅವನಿಗೆ ಉಳಿದ ವ್ಯಾಕರಣ ಅದೊಂದೇ. ಆದರೆ ಅಷ್ಟರಲ್ಲಿ ಓದುವವರು ಓದಿದ್ದರು. ವೆಂಕಟೇಶ ಅದರ ಸ್ಕ್ರೀನ್‌ಶಾಟ್ ಹಿಡಿದು ಊರೆಲ್ಲ ಹಂಚಿದ್ದ. ಅವನಿಂದ ಬೇರೇನನ್ನು ನಿರೀಕ್ಷಿಸುವುದು? ಹುಬ್ಬಳ್ಳಿ, ಬಾಗಲಕೋಟೆ ಕಡೆಯ ಹೆಂಗಸರು ಮೂವರು, ಒಮ್ಮೆಯೂ ಗುಂಪಿನಲ್ಲಿ ಬಾಯಿ ಬಿಡದವರು, ಶಾಮಲಾಗೆ ಫೋನ್ ಮಾಡಿದರು. ಒಬ್ಬಾಕೆ ಅರ್ಧ ತಾಸು ಬರೀ ನಕ್ಕಳು.

ಬುಧವಾರ ರಸ್ತೆ ತೆರೆಯಿತು, ಚಂದ್ರಮೌಳಿ ಆಫೀಸಿಗೆ ಹೋದ. ತಿದ್ದೋಲೆ ಮೂರು ದಿನ ನಿಂತು ಮತ್ತೆ ಶುರುವಾಯಿತು. ಅಂಥವರು ಸುಧಾರಿಸುತ್ತಾರೆಂದು ಶಾಮಲಾ ನಂಬಿರಲೂ ಇಲ್ಲ. ಆದರೆ ಮನೆಯೊಳಗೆ ಅವಳು ಮೈಸೂರಿಗೆ ಹಿಂದಿರುಗಲಿಲ್ಲ. “ಇನ್ನೂ ಎಷ್ಟು ದಿನ ಹೀಗೆ ಮಾತಾಡ್ತೀಯ?” ಎಂದು ಅವನು ಒಮ್ಮೆ ಕೇಳಿದ. “ಗೊತ್ತಿಲ್ಲ, ನೋಡೂಣು,” ಅಂದಳು.

ಭಾನುವಾರ ವೀರಣ್ಣ ಬಂದ. ಇಂಡಿಯನ್ ಅಂಗಡಿಯ ಜೋಳದ ಹಿಟ್ಟು ಹಳತಾಗಿ ರೊಟ್ಟಿ ಅಂಚಿನಲ್ಲಿ ಒಡೆಯುತ್ತಿತ್ತು, ಅವನು ದೂರಲಿಲ್ಲ. ಶ್ರೀವಿದ್ಯಾ ಎದುರಿಗೆ ಕೂತು ‘ಥಂಡಿ’ ಎಂದರೇನು, ‘ಅಕಿ’ ಎಂದರೇನು ಎಂದು ಇಂಗ್ಲಿಷಿನಲ್ಲಿ ಕೇಳುತ್ತಿದ್ದಳು. ಅವನು ಸಾವಧಾನವಾಗಿ ಹೇಳುತ್ತಿದ್ದ. ಚಂದ್ರಮೌಳಿ ತಲೆ ತಗ್ಗಿಸಿ ನಾಲ್ಕು ರೊಟ್ಟಿ ಮುಗಿಸಿ, ಕೈ ತೊಳೆದು, ಕೆಲಸವಿದೆಯೆಂದು ಮೇಲೆ ಹೋದ.

ಕಂಬಿ ಹಿಡಿದು ಮೆಟ್ಟಿಲು ಹತ್ತುತ್ತಿದ್ದ ಆ ಬಗ್ಗಿದ ಬೆನ್ನನ್ನು ಶಾಮಲಾ ನೋಡಿದಳು. ಕನಿಕರ ಬರಬಹುದೇನೋ ಎಂದು ಒಂದು ಗಳಿಗೆ ಕಾದಳು. ಬರಲಿಲ್ಲ. ಇಷ್ಟು ಸಣ್ಣ ಮನುಷ್ಯನಿಗೆ ಹೆದರಿ ಇಪ್ಪತ್ತೈದು ವರ್ಷ ಬಾಗಿಲು ಹಾಕಿಕೊಂಡು ಮಾತಾಡಿದೆನಲ್ಲ ಎಂದು ತನ್ನ ಮೇಲೇ ಹೇಸಿಗೆಯಾಯಿತು.

“ಅಕ್ಕಾರ, ಇನ್ನೊಂದ ಸಿಗತೈತೇನ್ರಿ?” ಎಂದು ವೀರಣ್ಣ ತಟ್ಟೆ ಮುಂದೆ ಮಾಡಿದ.

ಅವಳು ಎದ್ದು ಹೋಗಿ ಹಂಚಿನ ಮೇಲಿನ ಬಿಸಿ ರೊಟ್ಟಿ ತಂದು ಹಾಕಿದಳು.